ಇಪ್ಪತ್ತಮೂರು ಇಂಚಿನ ಸಿಪಾಯಿ

ಜೂನ್ 3, ಸೋಮವಾರ

ಈ ನೋಟ್‌ಬುಕ್ ಮೇಷ್ಟ್ರು ಕೊಟ್ಟಿದ್ದು. "ಸಂಶೋಧನೆ ಅಂದ್ರೆ ಹುಡುಗಾಟ ಅಲ್ಲ, ಏನು ಸಿಕ್ತೋ ಅದನ್ನ ಅವತ್ತವತ್ತೇ ಬರ್ದಿಡಬೇಕು" ಅಂದ್ರು. ನೋಟ್‌ಬುಕ್ಕಿನ ಮುಂದುಗಡೆಯಿಂದ ಸಂಶೋಧನೆ ಬರೀತೀನಿ. ಹಿಂದುಗಡೆಯಿಂದ ನನ್ನ ಗೋಳು. ಮೇಷ್ಟ್ರು ತಿರುಗಿಸಿ ನೋಡೋ ಪೈಕಿ ಅಲ್ಲ. ನನ್ನ ಹತ್ತನೇ ಕ್ಲಾಸಿನ ಪೇಪರನ್ನೂ ತಿರುಗಿಸಿ ನೋಡಿರಲಿಕ್ಕಿಲ್ಲ, ನೋಡಿದ್ರೆ ನಾನು ಪಾಸಾಗ್ತಿರಲಿಲ್ಲ.

ವಿಷಯ ಏನಂದ್ರೆ, ಶಾಲೆಗೆ ನೂರು ವರ್ಷ ತುಂಬ್ತು. ಜುಲೈ ಆರಕ್ಕೆ ಪ್ರದರ್ಶನ. ಅರವತ್ತು ವರ್ಷದ ಹಿಂದೆ ಯುದ್ಧದಲ್ಲಿ ಸತ್ತ ಒಬ್ಬ ಹುಡುಗ ಇದೇ ಶಾಲೇಲಿ ಓದಿದ್ದನಂತೆ. ಸತ್ತಾಗ ಹತ್ತೊಂಬತ್ತು. ಅವನದೊಂದು ಬೊಂಬೆ ಮಾಡಿ, ಸಿಪಾಯಿ ಅಂಗಿ ಹಾಕಿ, ಪಕ್ಕದಲ್ಲಿ ಅವನ ಕಥೆ ಬರೆದ ಬೋರ್ಡು ನಿಲ್ಲಿಸಬೇಕು. ಅಂಗಿ ಹೊಲಿಸೋಕೆ ಮೇಷ್ಟ್ರು ನಮ್ಮ ಟೈಲರ್ ಅಂಗಡಿಗೆ ಬಂದ್ರು. "ಮಾಹಿತಿಗೆ ಓಡಾಡೋಕೆ ಒಬ್ರು ಬೇಕಿತ್ತು, ನನ್ನ ಮಂಡಿ ಮಾತು ಕೇಳಲ್ಲ" ಅಂದ್ರು. ಓಡಾಡೋಕೆ ಅನ್ನೋದು ಕಿವಿಗೆ ಬೀಳ್ತಿದ್ದ ಹಾಗೇ ನಾನು ಸ್ಟೂಲ್ ಬಿಟ್ಟು ಎದ್ದಾಗಿತ್ತು.

ಯಜಮಾನ್ರು ಕನ್ನಡಕದ ಮೇಲಿಂದ ನೋಡಿದ್ರು. "ಕರ್ಕೊಂಡು ಹೋಗಿ ಮೇಷ್ಟ್ರೇ, ಪುಣ್ಯ ಬರತ್ತೆ. ಇವನ ಕಾಲಲ್ಲಿ ಚಕ್ರ ಇದೆ. ಬೆಳಿಗ್ಗೆಯಿಂದ ಮೂರು ಗುಂಡಿ ಹಾಕಿದಾನೆ, ಆರು ಸಲ ನೀರು ಕುಡಿಯೋಕೆ ಎದ್ದಿದಾನೆ."

ಸುಳ್ಳು. ನಾಲ್ಕು ಗುಂಡಿ.

ಇದು ನನ್ನ ಏಳನೇ ಕೆಲಸ. ಬೇಕರಿ, ಸೈಕಲ್ ಶಾಪು, ಪ್ರಿಂಟಿಂಗ್ ಪ್ರೆಸ್ಸು, ಎಲ್ಲಾ ಕಡೆ ಕೂತ್ಕೋ ಅಂತಾರೆ. ಕೂತ್ಕೊಂಡ್ರೆ ನನ್ನ ಮೈಯಲ್ಲಿ ಇರುವೆ ಓಡಾಡತ್ತೆ. ಇರಲಿ, ಇಪ್ಪತ್ತೈದು ದಿನ ತಡ್ಕೊಂಡ್ರೆ ಸಾಕು. ಜೂನ್ 28ಕ್ಕೆ ಮಿಲಿಟ್ರಿ ಸೆಲೆಕ್ಷನ್. ಹೋದ ವರ್ಷ ಎದೆ ಅರ್ಧ ಇಂಚು ಕಮ್ಮಿ ಅಂತ ವಾಪಸ್ ಕಳಿಸಿದ್ರು. ಅರ್ಧ ಇಂಚು! ಉಸಿರು ಕಟ್ಟಿ ಕಟ್ಟಿ ನನ್ನ ಮುಖ ಬದನೆಕಾಯಿ ಆಗಿತ್ತು, ಆ ಟೇಪ್ ಹಿಡಿದೋನಿಗೆ ಕರುಣೆ ಬರಲಿಲ್ಲ. ಈ ಸಲ ದಿನಾ ನಲವತ್ತು ದಂಡ ಹೊಡೀತಿದೀನಿ. ಮನೇಲಿ ಯಾರಿಗೂ ಹೇಳಿಲ್ಲ.

ಜೂನ್ 4, ಮಂಗಳವಾರ

ಶಾಲೆ ಬೀರು ತೆಗೆಸಿದೆ. ಧೂಳು ಎಷ್ಟಿತ್ತು ಅಂದ್ರೆ ಜವಾನ ಸೀನಿದ್ದಕ್ಕೆ ಒಂದು ರಿಜಿಸ್ಟರ್ ಹಾರಿಹೋಯ್ತು. ಅದೇ ಬೇಕಾಗಿದ್ದು: ಶಿಕ್ಷೆ ಪುಸ್ತಕ. ಸಿಪಾಯಿ ಹೆಸರಲ್ಲಿ ಹದಿನೇಳು ಸಲ ಬರೆದಿದಾರೆ. "ಪಾಠದ ನಡುವೆ ಕಿಟಕಿಯಿಂದ ಹೊರಗೆ ಹೋದದ್ದು." ಮುಂದಿನ ವಾರ, "ಪುನಃ ಅದೇ ಕಿಟಕಿ." ಅದರ ಮುಂದಿನ ವಾರ, "ಬೇರೆ ಕಿಟಕಿ."

ನಾನು ಬಿದ್ದು ಬಿದ್ದು ನಕ್ಕೆ. ಮೇಷ್ಟ್ರು ನಗಲಿಲ್ಲ. "ಇದನ್ನೆಲ್ಲಾ ಬೋರ್ಡಿಗೆ ಹಾಕೋಕಾಗತ್ತೇನೋ? ಚುರುಕು ಸ್ವಭಾವದವನು ಅಂತ ಬರ್ಕೋ."

ಬರ್ಕೊಂಡೆ. ನನ್ನನ್ನ ಯಾವತ್ತೂ ಯಾರೂ ಚುರುಕು ಸ್ವಭಾವದವನು ಅಂದಿಲ್ಲ. ಅದಕ್ಕೆ ಮೊದಲು ಸಾಯಬೇಕು ಅನ್ಸತ್ತೆ.

ಮೇಷ್ಟ್ರ ಫೈಲಲ್ಲಿ ಇನ್ನೊಂದು ಸಿಕ್ತು. ಅವನು ಟ್ರೇನ್ ಹತ್ತಿದ್ದು ನವೆಂಬರ್ ಒಂಬತ್ತು. ಹನ್ನೊಂದು ತಿಂಗಳಿಗೆ ತಂತಿ ಬಂತು.

ಜೂನ್ 6, ಗುರುವಾರ

ಸಿಪಾಯಿಯ ತಂಗಿ ಇದಾರೆ! ನೀರಿನ ಟ್ಯಾಂಕಿನ ಹಿಂದಿನ ಬೀದಿ, ಎರಡನೇ ಮಹಡಿ. ಟೆಲಿಫೋನ್ ಆಫೀಸಲ್ಲಿ ಇದ್ದು ರಿಟೈರ್ ಆದ ಅಜ್ಜಿ. ನಾನು ಹೋದಾಗ ಒಬ್ರೇ ಕೂತು ಇಸ್ಪೀಟು ಆಡ್ತಿದ್ರು.

"ಒಬ್ರೇ ಆಡ್ತೀರಾ ಅಜ್ಜಿ?"

"ಹೂಂ. ನಾನೇ ಆಡ್ತೀನಿ, ನಾನೇ ಮೋಸ ಮಾಡ್ತೀನಿ, ನಾನೇ ಬೈಕೋತೀನಿ. ನೀನ್ಯಾರು, ಗ್ಯಾಸಿನೋನಾ?"

ಹೇಳಿದೆ. ಎಲೆ ಕಲೆಸ್ತಾನೇ ಇದ್ರು. ಆಮೇಲೆ ಎದ್ದು ಒಂದು ಫೋಟೋ ತಂದ್ರು. ಬೆಂಕಿಪೊಟ್ಟಣದಷ್ಟಿದೆ, ಬರೀ ಮುಖ. ಬಾಯಿ ಬಿಗಿ ಹಿಡಿದಿದಾನೆ, ಆದ್ರೆ ಕಣ್ಣು ನೋಡಿದ್ರೆ ಫೋಟೋ ತೆಗೀತಿದ್ದ ಹಾಗೇ ಓಡಿದಾನೆ ಅಂತ ಗ್ಯಾರಂಟಿ.

"ಬೀದಿಯೋರೆಲ್ಲಾ ಮಿಡತೆ ಅಂತಿದ್ರು. ಒಂದು ಕಡೆ ಕೂತಿದ್ದೇ ಇಲ್ಲ. ಊಟಾನೂ ಅಡ್ಡಾಡ್ಕೊಂಡೇ ಮಾಡ್ತಿದ್ದ."

"ಹೇಗಿದ್ರು ಅಜ್ಜಿ?"

"ಒಳ್ಳೇವನಿದ್ದ ಅಂತ ಬರ್ಕೋ. ಸತ್ತೋರೆಲ್ಲಾ ಒಳ್ಳೇವ್ರೇ ತಾನೆ."

"ಹೋಗುವಾಗ ನಿಮಗೇನು ಹೇಳಿ ಹೋದ್ರು?"

ಎಲೆ ಕಲೆಸೋ ಕೈ ನಿಂತೋಯ್ತು. "ಫೋಟೋ ಸಿಕ್ತಲ್ಲ. ಬಾಗಿಲು ಎಳ್ಕೊಂಡು ಹೋಗು."

ಎಳ್ಕೊಂಡು ಬಂದೆ. ಏನು ತಪ್ಪು ಕೇಳಿದೆ ಅಂತ ಗೊತ್ತಾಗಲಿಲ್ಲ.

ಜೂನ್ 11, ಮಂಗಳವಾರ

ಯಜಮಾನ್ರಿಗೆ ಕಣ್ಣಿನ ಆಪರೇಷನ್. ಒಂದು ವಾರ ಅಂಗಡಿ ನನ್ನ ಕೈಲಿ. ಹೋಗುವಾಗ ಹೇಳಿದ್ರು, "ಗಿರಾಕಿ ಬಂದ್ರೆ ಕೂರಿಸು, ಮಾತಾಡು, ಕಳಿಸು. ಕತ್ತರಿ ಮಾತ್ರ ಮುಟ್ಟಬೇಡ ಮಾರಾಯ."

ಮಾತಾಡೋಕೆ ಯಾರೂ ಬರಲಿಲ್ಲ. ಅಟ್ಟ ಹತ್ತಿದೆ. ಯಜಮಾನ್ರ ಅಪ್ಪನ ಕಾಲದಿಂದ ಅಳತೆ ಪುಸ್ತಕಗಳನ್ನ ಅಲ್ಲೇ ಇಟ್ಟಿದಾರೆ. ಒಂದನ್ನೂ ಬಿಸಾಕಿಲ್ಲ. ದೊಡ್ಡ ಯಜಮಾನ್ರು ಗಿರಾಕಿಗಳ ಹೆಸರು ಬರೀತಿರಲಿಲ್ಲವಂತೆ, ಊರು ಏನಂತ ಕರೆಯತ್ತೋ ಅದೇ. ಉದ್ದಮೂಗು. ಬೆಲ್ ಮಾಸ್ಟರ್. ನಾಯಿಮರಿ ವಕೀಲರು. ಓದ್ತಾ ಓದ್ತಾ ಮಧ್ಯಾಹ್ನದ ಊಟ ಮರ್ತೋಯ್ತು.

ಆಮೇಲೆ ಸಿಕ್ತು. ಮಿಡತೆ!

ತಾರೀಕು ನವೆಂಬರ್ ಒಂಬತ್ತು. ಟ್ರೇನ್ ಹತ್ತಿದ ದಿನವೇ. ರಜೆಗೆ ಬಂದಾಗ ಹಾಕೋಕೆ ಅಂಗಿ ಹೊಲಿಯೋಕೆ ಹಾಕಿ ಹೋಗಿದಾನೆ, ಶೋಕಿಲಾಲ. ಪುಟಕ್ಕೆ ಗುಂಡುಸೂಜಿ ಚುಚ್ಚಿ ಒಂದು ಗಂಟುಗಂಟು ದಾರ ಸಿಕ್ಕಿಸಿದ್ರು. ಕಸ. ತೆಗೆದು ಜೇಬಿಗೆ ಹಾಕ್ಕೊಂಡೆ. ಕೆಳಗೆ ನಾಲ್ಕೇ ನಂಬರು: 24, 23, 10, 5. ನಮ್ಮ ಅಂಗಡಿ ಪದ್ಧತಿ ಅವತ್ತಿಂದ ಇವತ್ತಿಗೂ ಒಂದೇ. ಉದ್ದ, ಎದೆ, ಭುಜ, ತೋಳು.

ಎದೆ ಇಪ್ಪತ್ತಮೂರು!

ಎರಡು ಸಲ ಓದಿದೆ. ಇಪ್ಪತ್ತಮೂರು ಇಂಚಿನ ಎದೆಯವನು ಸಿಪಾಯಿ ಆಗಿ, ಯುದ್ಧ ಮಾಡಿ, ಬೋರ್ಡಿಗೆ ಬರೋ ಹಾಗೆ ಆಗಿದಾನೆ. ನನ್ನನ್ನ ಅರ್ಧ ಇಂಚಿಗೆ ವಾಪಸ್ ಕಳಿಸಿದ್ರಲ್ಲ! ಆಗಿನ ಕಾಲದಲ್ಲಿ ಧೈರ್ಯ ನೋಡ್ತಿದ್ರು, ಈಗ ಟೇಪ್ ನೋಡ್ತಾರೆ. ಬೊಂಬೆ ಆದ ಮೇಲೆ ಅದರ ಫೋಟೋ ತೆಗೆದು ಸೆಲೆಕ್ಷನ್‌ನೋರಿಗೆ ತೋರಿಸ್ತೀನಿ. ಕಮಕ್ ಕಿಮಕ್ ಅನ್ನಬಾರದು.

ಜೂನ್ 14, ಶುಕ್ರವಾರ

ಕತ್ತರಿ ಮುಟ್ಟಿದೆ.

ಸೊಂಟದವರೆಗಿನ ಬೊಂಬೆ ರೆಡಿ. ಹಳೇ ಹೊದಿಕೆ ಬಟ್ಟೆ, ಒಳಗೆ ಕತ್ತರಿಸಿ ಉಳಿದ ಚಿಂದಿ ತುಂಬಿದೆ. ಕುತ್ತಿಗೆ ನಿಲ್ಲಲಿಲ್ಲ, ಜೇಬಲ್ಲಿದ್ದ ಆ ಗಂಟು ದಾರದಲ್ಲಿ ಬಿಗಿದು ಕಟ್ಟಿದೆ. ಖಾಕಿ ಬಟ್ಟೆಯಲ್ಲಿ ಅಂಗಿ ಹೊಲಿದೆ. ಮುಕ್ಕಾಲು ಮೀಟರಲ್ಲೇ ಮುಗಿದೋಯ್ತು. ಆಗ ಒಂಚೂರು ಅನುಮಾನ ಬಂತು. ಆದ್ರೆ ಅಳತೆ ಅಳತೆಯೇ.

ಸಿಪಾಯಿ ಇಸ್ತ್ರಿ ಮೇಜಿನ ಮೇಲೆ ನಿಂತಿದಾನೆ. ದೂರದಿಂದ ನೋಡಿದ್ರೆ ಗಂಭೀರವಾಗಿದಾನೆ. ಹತ್ತಿರದಿಂದ ನೋಡಿದ್ರೆ ಹಾಲು ಕೇಳೋ ಹಾಗಿದಾನೆ.

ಜೂನ್ 17, ಸೋಮವಾರ

ಮಾನ ಹೋಯ್ತು.

ಯಜಮಾನ್ರು ಕಪ್ಪು ಕನ್ನಡಕ ಹಾಕ್ಕೊಂಡು ಬಂದ್ರು. ಹಿಂದೇನೇ ಮೇಷ್ಟ್ರು. ನಾನು ಮೇಲೆ ಮುಚ್ಚಿದ್ದ ಬಟ್ಟೆನ ಸರ್ರಂತ ಎಳೆದೆ.

ಯಜಮಾನ್ರು ಬಗ್ಗಿದ್ರು. "ಯಾರ ಮಗೂನೋ ಇದು? ಪಾಪ, ಅಂಗಡೀಲೇ ಬಿಟ್ಟು ಹೋಗಿದಾರಲ್ಲ."

"ಸಿಪಾಯಿ" ಅಂದೆ.

"ಯಾವ ಮಿಲಿಟ್ರಿ, ಅಂಗನವಾಡಿದಾ?"

ಮೇಷ್ಟ್ರು ನಗು ತಡೆಯೋಕೆ ಕರ್ಚೀಫು ಬಾಯಿಗಿಟ್ಟು, ಆಗದೆ ಹೊರಗೆ ಹೋಗಿ ಗೋಡೆ ಹಿಡ್ಕೊಂಡ್ರು. ಮಂಡಿ ನೋವಿನೋರು ಹಾಗೆ ಕುಣಿದಿದ್ದು ನಾನು ನೋಡಿಲ್ಲ. ನಾನು ಪುಸ್ತಕ ತಂದು ತೋರಿಸಿದೆ. ಮಿಡತೆ, ತಾರೀಕು, ನಾಲ್ಕು ನಂಬರು, ನನ್ನ ತಪ್ಪೇನಿದೆ?

ಯಜಮಾನ್ರು ಪುಸ್ತಕ ಪಕ್ಕಕ್ಕಿಟ್ರು. ಬೊಂಬೆ ಕುತ್ತಿಗೆ ಮುಟ್ಟಿ ನೋಡ್ತಿದ್ರು. "ಈ ದಾರ ಎಲ್ಲಿತ್ತು?"

"ಪುಟಕ್ಕೆ ಚುಚ್ಚಿದ್ರು. ಕಸ ಅಂತ..."

"ಕಸ ಅಲ್ಲವೋ ಕಪಿ. ಅಳತೆ." ಬಿಚ್ಚಿ ಮೇಜಿನ ಮೇಲೆ ಎಳೆದು ಹಿಡಿದ್ರು. "ಅಂಗಡಿಗೆ ಕರ್ಕೊಂಡು ಬರೋಕಾಗದೇ ಇರೋರದ್ದು ಮನೇಲೇ ದಾರದಲ್ಲಿ ಅಳೆದು, ಗಂಟು ಹಾಕ್ಕೊಂಡು ತರ್ತಿದ್ರು. ಈ ಗಂಟಿಂದ ಈ ಗಂಟಿಗೆ ಉದ್ದ, ಇಲ್ಲಿಂದ ಇಲ್ಲಿಗೆ ಎದೆ. ತಾನೇ ಬಂದು ಎದುರಿಗೆ ನಿಂತೋನಿಗೆ ದಾರ ಯಾಕೆ ಬೇಕು? ಟೇಪ್ ಇರಲಿಲ್ವಾ ನಮ್ಮಪ್ಪನ ಹತ್ರ? ಇದು ಮಿಡತೆ ಅಳತೆ ಅಲ್ಲ, ಮಿಡತೆ ತಂದ ಅಳತೆ. ಆರೇಳು ವರ್ಷದ ಮಗೂದು."

ಮೇಷ್ಟ್ರ ನಗು ಹೊರಗೇ ನಿಂತುಹೋಯ್ತು.

ಎದೆ ಇಪ್ಪತ್ತಮೂರು ಅಂದಾಗ ನನಗೆ ಯಾಕೆ ಹೊಳೀಲಿಲ್ಲ? ಹೊಳೀಬಾರದು ಅಂತ ನನಗೇ ಇತ್ತು, ಅದಕ್ಕೇ.

ಜೂನ್ 18, ಮಂಗಳವಾರ

ಅಜ್ಜಿ ಹತ್ರ ಓಡಿದೆ. ದಾರದ ವಿಷಯ ಬಾಯಿಬಿಡಬೇಡ ಅಂದಿದ್ರು ಯಜಮಾನ್ರು. "ಬಟ್ಟೆ ಹೊಲಿದಿದ್ರೋ ಇಲ್ವೋ, ಇದೆಯೋ ಇಲ್ವೋ ಗೊತ್ತಿಲ್ಲ. ಇಲ್ಲದೇ ಇರೋದನ್ನ ತೋರಿಸಿ ವಯಸ್ಸಾದೋರನ್ನ ಆಡಿಸಬಾರದು." ಅದಕ್ಕೆ ಸುಮ್ನೆ, ನಿಮ್ಮ ಅಣ್ಣ ಹೋದಾಗ ನಿಮಗೆಷ್ಟು ವಯಸ್ಸು ಅಂತ ಕೇಳಿದೆ.

"ಏಳು. ನೀನು ಮತ್ತೆ ಬಂದ್ಯಾ?"

ಬೊಂಬೆ ಕಥೆ ಹೇಳಿದೆ, ದಾರ ಬಿಟ್ಟು. ಅಜ್ಜಿ ನಕ್ಕಿದ್ದಕ್ಕೆ ಇಸ್ಪೀಟೆಲ್ಲಾ ಚೆಲ್ಲಾಪಿಲ್ಲಿ. ಎಲೆ ಆರಿಸಿ ಕೊಡ್ತಾ ನನ್ನ ಅರ್ಧ ಇಂಚಿನ ಕಥೆನೂ ಹೇಳಿಬಿಟ್ಟೆ, ಇಪ್ಪತ್ತೆಂಟಕ್ಕೆ ಮತ್ತೆ ಹೋಗ್ತಿದೀನಿ ಅಂತಾನೂ.

"ಮನೇಲಿ ಹೇಳಿದೀಯಾ?"

"ಇಲ್ಲ."

"ಒಬ್ರಿಗೂ?"

"ನಿಮಗೇ ಮೊದಲು."

ಅಜ್ಜಿ ಕೈಲಿದ್ದ ಎಲೆ ಕೆಳಗಿಟ್ರು. "ಅವನೂ ಹಾಗೇ. ನನಗೊಬ್ಬಳಿಗೇ ಹೇಳಿದ. ಯಾರಿಗೂ ಹೇಳಬೇಡ ಪುಟ್ಟಿ ಅಂದ. ಊಟಕ್ಕೆ ಕೂತಾಗ ನನ್ನ ಬಾಯಿ ತಡೀಲಿಲ್ಲ. ಅಪ್ಪ ಎಲ್ಲರ ಎದುರಿಗೆ ಅವನಿಗೆ ಹೊಡೆದ್ರು. ಅವನು ನನ್ನ ಕಡೆ ಒಂದು ಸಲ ನೋಡಿದ. ಅಷ್ಟೇ. ಬೆಳಿಗ್ಗೆ ಹೋಗಿಬಿಟ್ಟ. ನನ್ನ ಎಬ್ಬಿಸಲಿಲ್ಲ, ಹೋಗ್ತೀನಿ ಅನ್ನಲಿಲ್ಲ. ನಾಲ್ಕು ಕಾಗದ ಬಂತು, ನಾಲ್ಕರಲ್ಲೂ ನನ್ನ ಸುದ್ದಿ ಇಲ್ಲ."

"ಕೋಪ ಇರಲಿಕ್ಕಿಲ್ಲ ಅಜ್ಜಿ..."

"ನೀನು ನೋಡಿದ್ಯಾ? ಕೋಪ ಇತ್ತಾ, ಇರಲಿಲ್ವಾ ಅಂತ ಅರವತ್ತೊಂದು ವರ್ಷದಿಂದ ಈ ಒಂದು ಆಟ ಆಡ್ತಾನೇ ಇದೀನಿ ಕಣೋ. ಇದರಲ್ಲಿ ಮೋಸ ಮಾಡೋಕೂ ಬರಲ್ಲ. ನಿಮ್ಮ ಮೇಷ್ಟ್ರಿಗೆ ಹೇಳು, ಪ್ರದರ್ಶನಕ್ಕೆ ನಾನು ಬರಲ್ಲ."

ಅಲ್ಲಿಂದ ಅಂಗಡಿಗೆ ನಡೆದೇ ಬಂದೆ. ಓಡೋಕೆ ಮನಸ್ಸಾಗಲಿಲ್ಲ.

ಜೂನ್ 20, ಗುರುವಾರ

ಅಟ್ಟದಲ್ಲಿ ಮೂರು ಟ್ರಂಕು. ಯಾರೂ ಬಂದು ಒಯ್ಯದ ಬಟ್ಟೆಗಳು. ಕೊಟ್ಟೋರೇ ಬಂದು ತಗೋಬೇಕು, ಎಷ್ಟು ವರ್ಷ ಆದ್ರೂ ಬಿಸಾಕಬಾರದು ಅನ್ನೋದು ದೊಡ್ಡ ಯಜಮಾನ್ರ ಕಾನೂನು. ಒಂದೊಂದು ಬಟ್ಟೆಗಂಟಿಗೂ ಚೀಟಿ ಚುಚ್ಚಿಟ್ಟಿದಾರೆ. ನಾನು ಮೊದಲನೇ ಟ್ರಂಕನ್ನ ತಲೆಕೆಳಗು ಮಾಡಿ ಸುರಿದೆ.

ಕೆಳಗಿಂದ ಯಜಮಾನ್ರು ಕೂಗಿದ್ರು. "ಬಿಚ್ಚಿದ್ದನ್ನ ಹಾಗೇ ತುರುಕಬೇಡ! ನುಸಿ ತಿಂದಿದ್ರೆ ತೂತು ಮುಚ್ಚು, ಹೊಲಿಗೆ ಬಿಟ್ಟಿದ್ರೆ ಹಾಕು, ಮಡಚು, ಆಮೇಲೆ ಕಟ್ಟು. ನಾಳೆನೇ ಯಾರಾದ್ರೂ ಬಂದು ಕೇಳಿದ್ರೆ?"

"ಐವತ್ತು ವರ್ಷದಿಂದ ಬರದೇ ಇರೋರು ನಾಳೆ ಬರ್ತಾರಾ?"

"ನೀನು ಈಗ ಹುಡುಕ್ತಾ ಇಲ್ವಾ?"

ಸೂಜಿ ದಾರ ಮೇಲಕ್ಕೆ ತಂದ್ಕೊಂಡೆ. ಇವತ್ತು ಒಂಬತ್ತು ಗಂಟು. ಒಂದು ಮದುವೆ ಕೋಟು, ಪಾಪ ಹುಡುಗಿ ಒಪ್ಪಲಿಲ್ಲ ಅನ್ಸತ್ತೆ. ಒಂದೇ ಕಾಲಿನ ಪ್ಯಾಂಟು. ಅದ್ಯಾರು ಅಂತ ಯಜಮಾನ್ರಿಗೂ ಗೊತ್ತಿಲ್ಲ.

ಜೂನ್ 22, ಶನಿವಾರ

ಹದಿನಾಲ್ಕು ಗಂಟು. ಎಳೆಗೆ ಎಳೆ ಸೇರಿಸಿ ತೂತು ಮುಚ್ಚೋದು ಹೇಗೆ ಅಂತ ಯಜಮಾನ್ರು ತೋರಿಸಿದ್ರು. ಅವರಿಗಿನ್ನೂ ಕಣ್ಣು ಸರಿ ಕಾಣಲ್ಲ, ನನ್ನ ಬೆರಳು ಹಿಡಿದು ತೋರಿಸಿದ್ರು. ಮುಚ್ಚಿದ ಮೇಲೆ ತೂತು ಎಲ್ಲಿತ್ತು ಅಂತ ನನಗೇ ಸಿಗಲಿಲ್ಲ. ಮೂರು ಸಲ ಹುಡುಕಿದೆ. ಮಜಾ ಇದೆ.

ದಂಡ ಹೊಡೆದಿಲ್ಲ. ಬೆನ್ನು ಹಿಡ್ಕೊಂಡಿದೆ.

ಜೂನ್ 25, ಮಂಗಳವಾರ

ಎರಡನೇ ಟ್ರಂಕು ಮುಗೀತು. ಇಲ್ಲ.

ಜೂನ್ 26, ಬುಧವಾರ

ಸಿಕ್ತು.

ಮೂರನೇ ಟ್ರಂಕಿನ ತಳದಲ್ಲಿ, ನುಸಿಗುಳಿಗೆ ಪುಡಿಯ ಕೆಳಗೆ. ಹಸಿರು ಚೌಕಳಿ ಫ್ರಾಕು. ನಾಲ್ಕೂ ಅಳತೆ ದಾರಕ್ಕಿಂತ ದೊಡ್ಡದು. ಕೆಳಗಿನ ಅಂಚಲ್ಲಿ ನಾಲ್ಕು ಬೆರಳಗಲ ಬಟ್ಟೆ ಒಳಗೆ ಮಡಚಿ ಹೊಲಿದಿದಾರೆ. ಭುಜದಲ್ಲೂ ಮಡಿಕೆ. ಮಗು ಬೆಳೆದ ಹಾಗೆ ಬಿಚ್ಚಿಕೊಳ್ಳೋಕೆ. ಚೀಟಿ ಇತ್ತು. ಅದರಲ್ಲಿ ಇದ್ದಿದ್ದು ಇಷ್ಟೇ:

"ಮಿಡತೆ. ತಂಗಿಗೆ. ಮಲಗಿದ್ದಾಗ ಅಳೆದದ್ದು, ಸಡಿಲ ಬಿಡುವುದು. ಮಡಿಕೆ ಎರಡು ವರ್ಷಕ್ಕೆ. ತಾನೇ ಬಂದು ಒಯ್ಯುತ್ತಾನೆ."

ನಾನು ಗಟ್ಟಿಯಾಗಿ ಓದಿದೆ. ಯಜಮಾನ್ರು ಕಪ್ಪು ಕನ್ನಡಕ ತೆಗೆದು ಒರೆಸಿದ್ರು. ಒರೆಸೋಕೆ ಅದರಲ್ಲಿ ಏನೂ ಇರಲಿಲ್ಲ.

"ಮಲಗಿದ್ದೋರು ಕೈಕಾಲು ಮಡಚಿರ್ತಾರೆ, ಅಳತೆ ನಂಬೋಕಾಗಲ್ಲ. ಅದಕ್ಕೆ ಸಡಿಲ ಬಿಡು ಅಂತ ಬರೆದಿದಾರೆ ನಮ್ಮಪ್ಪ" ಅಂದ್ರು. ಆಮೇಲೆ, "ನಾನು ಚಿಕ್ಕೋನಿದ್ದಾಗ ಅಪ್ಪ ಒಂದು ಗಂಟು ಹಿಡ್ಕೊಂಡು ನೀರಿನ ಟ್ಯಾಂಕಿನ ಕಡೆ ಹೋಗಿ, ಅದನ್ನ ಹಾಗೇ ವಾಪಸ್ ತಂದಿದ್ದು ನೆನಪಿದೆ. ಯಾಕಪ್ಪಾ ಅಂದ್ರೆ, ಆ ಮನೇಲಿ ಅಳ್ತಿದಾರೆ, ಏನಂತ ಹೇಳಿ ಕೊಡಲಿ ಅಂದ. ಆಮೇಲೆ ಕೊಡೋಣ ಅಂತ ಮೇಲಿಟ್ಟ. ಆ ಆಮೇಲೆ ಬರಲೇ ಇಲ್ಲ."

ಫ್ರಾಕಿನ ಅಂಚು ಒಂದು ಕಡೆ ಬಿಟ್ಟಿದೆ. ಎರಡು ಕಡೆ ನುಸಿ ತಿಂದಿದೆ. ಹೀಗೆ ಕೊಡೋಕಾಗಲ್ಲ.

ಜೂನ್ 28, ಶುಕ್ರವಾರ

ಬೆಳಿಗ್ಗೆಯಿಂದ ಅಂಚಿನ ಕೆಲಸ. ಮೊದಲು ದಪ್ಪ ದಪ್ಪ ಹಾಕಿದ್ದೆ. ಯಜಮಾನ್ರು ಬೆರಳಾಡಿಸಿ, "ಇದು ಫ್ರಾಕಾ, ಗೋಣಿಚೀಲಾನಾ?" ಅಂದ್ರು. ಪೂರ್ತಿ ಬಿಚ್ಚಿ ಮತ್ತೆ ಹಾಕಿದೆ. ಹಳೇ ದಾರ ಹೋಗಿದ್ದ ತೂತುಗಳಲ್ಲೇ ಹೊಸ ದಾರ ತೂರಿಸಿದೆ, ದೊಡ್ಡ ಯಜಮಾನ್ರು ಹಾಕಿದ ದಾರೀಲೇ ಹೋಗಲಿ ಅಂತ. ಮಡಿಕೆ ಬಿಚ್ಚಿಲ್ಲ. ಅದು ಅಜ್ಜಿ ಇಷ್ಟ.

ಯಜಮಾನ್ರು ಮಧ್ಯಾಹ್ನ ಕೇಳಿದ್ರು, "ಏನೋ ಚಕ್ರ, ನೀರು ಬೇಡ್ವಾ ಇವತ್ತು?"

ಆಗ ನೆನಪಾಯ್ತು, ಬಾಯಾರಿತ್ತು.

ಜೂನ್ 29, ಶನಿವಾರ

ಅಜ್ಜಿ ಮುಂದೆ ಫ್ರಾಕಿಟ್ಟೆ, ಅದರ ಮೇಲೆ ಗಂಟಿನ ದಾರ, ಅದರ ಮೇಲೆ ಚೀಟಿ. ದಾರೀಲಿ ಹೇಳೋಕೆ ಅಂತ ದೊಡ್ಡ ಮಾತೆಲ್ಲಾ ಕಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ. "ನವೆಂಬರ್ ಒಂಬತ್ತು" ಅಂದೆ, ಅಷ್ಟೇ.

ಚೀಟಿ ಓದಿದ್ರು. ಕನ್ನಡಕ ತಂದು ಮತ್ತೆ ಓದಿದ್ರು. ದಾರ ತಗೊಂಡು ಒಂದೊಂದೇ ಗಂಟು ಮುಟ್ಟಿದ್ರು.

"ನಾನು ಮಲಗಿರಲಿಲ್ಲ ಕಣೋ" ಅಂದ್ರು.

"ಆಂ?"

"ಎದ್ದೇ ಇದ್ದೆ. ಬೈತಾನೆ ಅಂತ ಕಣ್ಣು ಗಟ್ಟಿ ಮುಚ್ಕೊಂಡಿದ್ದೆ. ಕುತ್ತಿಗೆ ಹತ್ರ, ತೋಳಿನ ಹತ್ರ ಏನೋ ಕಚಗುಳಿ ಆಯ್ತು. ಇರುವೆ ಅಂದ್ಕೊಂಡೆ. ನಗು ಬಂತು, ತಡ್ಕೊಂಡೆ. ಕಣ್ಣು ಬಿಟ್ಟಾಗ ಅವನಿರಲಿಲ್ಲ."

ಫ್ರಾಕನ್ನ ಮಡಿಲಿಗೆಳ್ಕೊಂಡು ಮುಖ ಮುಚ್ಕೊಂಡ್ರು. ನಾನು ಎದ್ದು ಹೋಗಬೇಕಾ, ಇರಬೇಕಾ ಗೊತ್ತಾಗಲಿಲ್ಲ. ಕೂತೇ ಇದ್ದೆ. ತುಂಬಾ ಹೊತ್ತು ಕೂತಿದ್ದೆ.

ಆಮೇಲೆ ಅಜ್ಜಿ ಮುಖ ತೆಗೆದು, ಅಂಚಿನ ಮಡಿಕೆ ತಿರುವಿ ನೋಡಿ ಮೂಗೆಳ್ಕೊಂಡ್ರು. "ಎರಡು ವರ್ಷಕ್ಕೆ ನಾಲ್ಕೇ ಬೆರಳು ಬಿಡಿಸಿದಾನೆ, ಪೆದ್ದ. ನಾನು ಒಂದೇ ವರ್ಷಕ್ಕೆ ಅಷ್ಟು ಬೆಳೆದಿದ್ದೆ. ಈ ಅಂಚು ಯಾರು ಹಾಕಿದ್ದು?"

"ನಾನು."

"ಪರವಾಗಿಲ್ಲ" ಅಂದ್ರು.

ಜುಲೈ 1, ಸೋಮವಾರ

ಖಾಕಿ ಬೊಂಬೆಗೆ ಪ್ರದರ್ಶನದಲ್ಲಿ ಜಾಗ ಇಲ್ಲ. ಫೋಟೋ ಪಕ್ಕದಲ್ಲಿ ಫ್ರಾಕು, ದಾರ, ಚೀಟಿ. ಶಿಕ್ಷೆ ಪುಸ್ತಕನೂ ಇರಲಿ ಅಂತ ಮೇಷ್ಟ್ರೇ ಅಂದ್ರು, ಕಿಟಕಿ ಪುಟ ತೆರೆದು. ಬೋರ್ಡ್ ಬರೆಯೋಕೆ ನನ್ನ ಸಂಶೋಧನೆ ಕೇಳಿದ್ರು. ನೋಟ್‌ಬುಕ್ಕಿನ ಮುಂದುಗಡೆ ನೋಡಿದ್ರೆ, "ಚುರುಕು ಸ್ವಭಾವದವನು" ಅಂತ ಒಂದೇ ಸಾಲಿದೆ.

ಮಧ್ಯಾಹ್ನ ಅಜ್ಜಿನೇ ಅಂಗಡಿಗೆ ಬಂದ್ರು. ಶನಿವಾರದ ಪ್ರದರ್ಶನಕ್ಕೆ ಹೊಸ ರವಿಕೆ ಬೇಕಂತೆ. ಅಣ್ಣನ ವಿಷಯ ಅವರೇ ಮಾತಾಡ್ತಾರಂತೆ. ಊಟ ಅಡ್ಡಾಡ್ಕೊಂಡು ಮಾಡೋದನ್ನ ನಟನೆ ಮಾಡಿ ಬೇರೆ ತೋರಿಸ್ತಾರಂತೆ.

"ನಿನ್ನ ಮಿಲಿಟ್ರಿ ಏನಾಯ್ತೋ?" ಅಂದ್ರು.

"ಯಾವ ಮಿಲಿಟ್ರಿ?"

"ಇಪ್ಪತ್ತೆಂಟಕ್ಕೆ ಅಂದಿದ್ದೆ."

ಅರೆ! ಹೌದಲ್ಲ. ಗೋಡೆ ಕ್ಯಾಲೆಂಡರಲ್ಲಿ ಕೆಂಪು ಸುತ್ತು ಹಾಕಿದ್ದೂ ನಾನೇ. ಇರಲಿ, ಮುಂದಿನ ವರ್ಷವೂ ಬರತ್ತೆ. ಈ ವಾರ ಏಳು ಕಾಲರ್ ಕೊಡೋದಿದೆ.

ಟೇಪ್ ತೆಗೆದೆ. ಅಜ್ಜಿ ಬೇಡ ಅಂದ್ರು. "ದಾರದಲ್ಲಿ ಅಳೆ."

ಯಜಮಾನ್ರು ಹಸಿರು ದಾರ ಕತ್ತರಿಸಿ ಕೊಟ್ರು. ಅಜ್ಜಿ ಕಣ್ಣು ಗಟ್ಟಿ ಮುಚ್ಕೊಂಡು ನಿಂತ್ರು. ನಾನು ಭುಜಕ್ಕೆ ದಾರ ಹಿಡಿದು, ಕುತ್ತಿಗೆ ಹತ್ರ ತಂದೆ ಅಷ್ಟೇ, ಅಜ್ಜಿ ಕಿಸಕ್ಕಂತ ನಕ್ಕುಬಿಟ್ರು. ಗಂಟು ಜಾರ್ತು. ಮತ್ತೆ ಹಿಡಿದೆ, ಮತ್ತೆ ನಗು. ನಾಲ್ಕು ಅಳತೆಗೆ ಅರ್ಧ ಗಂಟೆ ಹಿಡೀತು. ಯಜಮಾನ್ರು ಅಳತೆ ಪುಸ್ತಕ ನನ್ನ ಕಡೆ ತಳ್ಳಿ, "ನೀನೇ ಬರಿ" ಅಂದ್ರು.

ನಂಬರು ಬರೆದು, ದಾರ ಚುಚ್ಚಿ, ಕೆಳಗೆ ಬರೆದೆ: "ಮಿಡತೆಯ ತಂಗಿ. ಎದ್ದಿದ್ದಾಗ ಅಳೆದದ್ದು. ನಗುತ್ತಿದ್ದರು, ಸಡಿಲ ಬಿಡುವುದು."